ಹೇಳು ಎಂದು ಕಲಿಸುವ ಮುನ್ನ ಕೇಳಿಸಿಕೊಳ್ಳುವವರು ಬೇಕು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಡೆದ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆ ಅರಿವು ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು ಎಂಬ ಕಾರಣಕ್ಕೆ ವೇದಿಕೆಯ ತುದಿಯಲ್ಲಿ ನನಗೊಂದು ಕುರ್ಚಿ ಸಿಕ್ಕಿತ್ತು. ಶಾಮಿಯಾನದ ಕೆಳಗೆ ಜಮಖಾನ ಹಾಸಿ, ಒಂದನೇ ತರಗತಿಯಿಂದ ಏಳನೇ ತರಗತಿಯವರೆಗಿನ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಲಾಗಿತ್ತು. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆಯುವುದು, ಶಾಲು ಹಾರಗಳು ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಆಮೇಲೆ ಮಾತನಾಡಿದವರು ಕಾಯ್ದೆಯ ಸೆಕ್ಷನ್‌ಗಳನ್ನು ಒಂದೊಂದಾಗಿ ಓದಿ, ಯಾವುದಕ್ಕೆ ಎಷ್ಟು ವರ್ಷ ಜೈಲು, ಯಾವುದಕ್ಕೆ ಗಲ್ಲು ಎಂಬುದನ್ನು ವಿವರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಗೆ ಬಿಸ್ಕತ್ತು ಹಂಚುವಾಗ ಎರಡನೇ ತರಗತಿಯ ಹುಡುಗನೊಬ್ಬ ನನ್ನ ಸೆರಗು ಜಗ್ಗಿ, “ಮಿಸ್, ಪೋಕ್ಸೊ ಬಂದ್ರೆ ಎಷ್ಟು ದಿನ ಸ್ಕೂಲಿಗೆ ಬರಬಾರ್ದು?” ಎಂದು ಕೇಳಿದ. ಅವನ ಅಕ್ಕನಿಗೆ ಚಿಕನ್‌ಪಾಕ್ಸ್ ಆಗಿ ಹದಿನೈದು ದಿನ ಮನೆಯಲ್ಲಿದ್ದಳಂತೆ. ಇದೂ ಅಂಥದೇ ಒಂದು ಕಾಯಿಲೆ ಎಂದು ಅವನು ತಿಳಿದಿದ್ದ.

ನಗು ಬಂದದ್ದು ನಿಜ. ಆದರೆ ಅವನದೇನೂ ತಪ್ಪಿರಲಿಲ್ಲ. ಎರಡು ಗಂಟೆಯ ಕಾರ್ಯಕ್ರಮದಲ್ಲಿ ಆ ಏಳು ವರ್ಷದ ಮಗುವಿಗೆ ಅರ್ಥವಾಗುವಂಥ, ನಾಳೆ ಅವನ ಉಪಯೋಗಕ್ಕೆ ಬರುವಂಥ ಒಂದು ಮಾತನ್ನೂ ನಾವು ಯಾರೂ ಆಡಿರಲಿಲ್ಲ. ಫೋಟೊ ತೆಗೆದು, ವರದಿ ಬರೆದು, ಮೇಲಿನ ಕಚೇರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಮೇಲೆ ಆ ವರ್ಷದ ‘ಅರಿವು’ ಮುಗಿಯುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ ಪಾಠ ಪ್ರಾಥಮಿಕ ಶಾಲೆಯಲ್ಲಿ ಬೇಕೇ ಬೇಕು ಎಂದು ಗಟ್ಟಿಯಾಗಿ ನಂಬಿದವಳು ನಾನು. ಅದಕ್ಕಾಗಿಯೇ ಈಗ ನಡೆಯುತ್ತಿರುವ ರೀತಿಯ ಬಗ್ಗೆ ನನ್ನ ತಕರಾರನ್ನು ತಮ್ಮ ಪತ್ರಿಕೆಯ ಮೂಲಕ ಹೇಳಿಕೊಳ್ಳಲು ಬಯಸುತ್ತೇನೆ.

ಮೊದಲು ಕಾನೂನಿನ ಮಾತನ್ನು ಹೇಳಿಬಿಡುತ್ತೇನೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ಕಾಯ್ದೆ 2012ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನಾಚರಣೆಯಂದೇ, ಜಾರಿಗೆ ಬಂತು. 2019ರ ತಿದ್ದುಪಡಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸಲಾಯಿತು. ಭಾಷಣಗಳಲ್ಲಿ ಕೇಳಿಬರುವುದು ಈ ಎರಡನೆಯದೇ. ಆದರೆ 2020ರಲ್ಲಿ ಹೊಸದಾಗಿ ಬಂದ ಪೋಕ್ಸೊ ನಿಯಮಗಳಲ್ಲಿ ಮೂರನೆಯದೊಂದು ನಿಯಮವಿದೆ. ವೇದಿಕೆಯ ಮೇಲೆ ಅದನ್ನು ಯಾರೂ ಓದಿದ್ದನ್ನು ನಾನು ಕೇಳಿಲ್ಲ. ಮಕ್ಕಳ ವಯಸ್ಸಿಗೆ ತಕ್ಕ ಪಠ್ಯ ಮತ್ತು ಕಲಿಕಾ ಸಾಮಗ್ರಿಯನ್ನು ಸರ್ಕಾರಗಳು ಸಿದ್ಧಪಡಿಸಬೇಕು, ಮಕ್ಕಳೊಂದಿಗೆ ಒಡನಾಡುವ ಸಿಬ್ಬಂದಿಗೆ ತರಬೇತಿ ಕೊಡಬೇಕು, ಅವರ ಹಿನ್ನೆಲೆಯನ್ನು ಕಾಲಕಾಲಕ್ಕೆ ಪೊಲೀಸರಿಂದ ಪರಿಶೀಲಿಸಬೇಕು ಎಂದು ಅದು ಹೇಳುತ್ತದೆ. ಹಾಗಾಗಿ ನಾನು ಇಲ್ಲಿ ಹೊಸದೇನನ್ನೂ ಬೇಡುತ್ತಿಲ್ಲ. ಗೆಜೆಟ್‌ನಲ್ಲಿ ಆಗಲೇ ಅಚ್ಚಾಗಿರುವುದನ್ನು ತರಗತಿಯ ಒಳಕ್ಕೆ ತನ್ನಿ ಎನ್ನುತ್ತಿದ್ದೇನೆ, ಅಷ್ಟೆ.

ಈ ವಿಷಯದಲ್ಲಿ ನನಗೆ ಇಷ್ಟು ತಳಮಳ ಏಕೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಕಾಯ್ದೆ ಬರುವುದಕ್ಕೆ ಮೂರು ವರ್ಷ ಮುಂಚೆ, 2009ರಲ್ಲಿ, ನನ್ನ ಮೂರನೇ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಅಕ್ಷರ ದುಂಡಗೆ, ಮಾತು ಕಡಿಮೆ. ನಮ್ಮ ಕಡೆ ರೇಷ್ಮೆ ಬೆಳೆಯುವ ಊರುಗಳಲ್ಲಿ ಹುಳು ಹಣ್ಣಾದ ದಿನ ಮನೆಮಂದಿಯೆಲ್ಲ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗೆ) ಹುಳು ಬಿಡುವ ಕೆಲಸಕ್ಕೆ ನಿಲ್ಲುತ್ತಾರೆ, ಮಕ್ಕಳು ಶಾಲೆ ತಪ್ಪಿಸುತ್ತಾರೆ. ಮೇಷ್ಟರುಗಳಾದ ನಮಗೆ ಅದು ಗೊತ್ತು, ಹಾಜರಿ ಪುಸ್ತಕದಲ್ಲಿ ಗೈರು ಹಾಕಿ ಸುಮ್ಮನಾಗುತ್ತೇವೆ. ಈ ಹುಡುಗಿಯದು ಉಲ್ಟಾ ಆಗಿತ್ತು. ಹುಳು ಹಣ್ಣಾದ ದಿನವೂ ಶಾಲೆಗೆ ಬರುತ್ತಿದ್ದಳು. ಸಂಜೆ ಗಂಟೆ ಹೊಡೆದ ಮೇಲೂ ಬೀರುವಿನ ಪಕ್ಕ ನಿಂತು ಡಸ್ಟರ್ ಒದರುವುದು, ಸೀಮೆಸುಣ್ಣದ ತುಂಡುಗಳನ್ನು ಡಬ್ಬಿಗೆ ತುಂಬುವುದು ಹೀಗೆ ಏನಾದರೂ ನೆವ ಹುಡುಕಿಕೊಂಡು ಉಳಿಯುತ್ತಿದ್ದಳು. ಒಂದು ದಿನ ಹತ್ತಿರ ಬಂದು, “ಮಿಸ್, ನಾನು ಹುಳು ಮನೆಗೆ ಹೋಗಲ್ಲ ಅಂತ ನಮ್ಮಮ್ಮಂಗೆ ನೀವೇ ಹೇಳಿ” ಎಂದಳು. ಏಕೆ ಎಂದು ಕೇಳಿದೆ. “ಅಲ್ಲಿ ಚೆನ್ನಾಗಿಲ್ಲ” ಎಂದಳು. ಹುಳು ಮನೆಯ ವಾಸನೆಗೆ ಹೇಸಿಕೊಂಡಿದ್ದಾಳೆ, ಇಲ್ಲವೇ ಸೊಪ್ಪು ಹಾಕುವ ಕೆಲಸಕ್ಕೆ ಸೋಮಾರಿತನ ಎಂದುಕೊಂಡ ನಾನು, ಅಪ್ಪ ಅಮ್ಮನ ಕಷ್ಟಕ್ಕೆ ಹೆಗಲು ಕೊಡಬೇಕು, ದೊಡ್ಡವರು ಹೇಳಿದ ಕೆಲಸ ಮಾಡಬೇಕು ಎಂದು ಬುದ್ಧಿ ಹೇಳಿ ಮನೆಗೆ ಕಳುಹಿಸಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಆ ಹುಳು ಮನೆಯಲ್ಲಿ ಕೆಲಸಕ್ಕಿದ್ದ ಹತ್ತಿರದ ಸಂಬಂಧಿಯೊಬ್ಬನ ವಿಷಯ ಹೊರಗೆ ಬಂದದ್ದು ಐದು ತಿಂಗಳ ಮೇಲೆ. ದೂರು ಆಗಲಿಲ್ಲ. ಆ ಕುಟುಂಬ ಊರು ಬಿಟ್ಟು ಹೋಯಿತು. ವರ್ಗಾವಣೆ ಪತ್ರಕ್ಕೆ ಸಹಿ ಹಾಕಿದವಳೂ ನಾನೇ.

ಆ ಮಗು ಹೇಳಲಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಅವಳಿಗೆ ಸಾಧ್ಯವಿದ್ದ ಮಾತಿನಲ್ಲಿ, ಅವಳು ನಂಬಿದವರಲ್ಲಿ ಹೇಳಿದಳು. ಕೇಳಿಸಿಕೊಳ್ಳಲು ಬಾರದೆ ಹೋದದ್ದು ನನಗೆ. ಬಿ.ಇಡಿ.ಯಲ್ಲಾಗಲಿ, ಆಮೇಲೆ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ) ನಡೆದ ಹತ್ತಾರು ತರಬೇತಿಗಳಲ್ಲಾಗಲಿ, ಎಂಟು ವರ್ಷದ ಮಗು ಇಂಥ ಸಂಗತಿಯನ್ನು ಹೀಗೆ ಸುತ್ತಿ ಬಳಸಿ ಹೇಳುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಮಕ್ಕಳಿಗೆ “ಕೂಗು, ಓಡು, ಹೇಳು” ಎಂದು ಕಲಿಸುವವರನ್ನು ನೋಡಿದಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಒಂದೇ ಪ್ರಶ್ನೆ: ಯಾರಿಗೆ ಹೇಳಬೇಕು, ಮತ್ತು ಹೇಳಿಸಿಕೊಂಡವರು ಏನು ಮಾಡಬೇಕು?

ಇನ್ನು ಮಾತಿನ ವಿಚಾರಕ್ಕೆ ಬರುತ್ತೇನೆ. ಇದು ಸಣ್ಣದಾಗಿ ಕಂಡರೂ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು. ಸ್ಟೇಷನರಿ ಅಂಗಡಿಯಿಂದ ತಂದು ಶಾಲೆಯ ಗೋಡೆಗೆ ಅಂಟಿಸುವ ‘ನಮ್ಮ ದೇಹದ ಭಾಗಗಳು’ ಚಾರ್ಟನ್ನು ಒಮ್ಮೆ ಗಮನಿಸಿ ನೋಡಿ. ತಲೆ, ಕಣ್ಣು, ಮೂಗು, ಕೈ, ಎದೆ, ಹೊಟ್ಟೆ ಎಂದು ಇಳಿದ ಬಾಣದ ಗುರುತು ಹೊಟ್ಟೆಯಿಂದ ನೇರವಾಗಿ ತೊಡೆಗೋ ಮೊಣಕಾಲಿಗೋ ಹಾರುತ್ತದೆ. ನಡುವೆ ಇರುವುದಕ್ಕೆ ಹೆಸರಿಲ್ಲ. ಮನೆಯಲ್ಲಾದರೂ ಇದೆಯೇ ಎಂದರೆ, ಅಲ್ಲಿರುವುದು ಒಂದೋ ಎಳೆಗೂಸಿಗೆ ಆಡುವ ಮುದ್ದು ಮಾತು, ಇಲ್ಲವೇ ಜಗಳದಲ್ಲಿ ಬಳಸುವ ಬೈಗುಳ. ಇಂಗ್ಲಿಷ್ ಮಾಧ್ಯಮದ ನರ್ಸರಿಗಳು ಬಂದ ಮೇಲೆ ‘ಶೇಮ್ ಶೇಮ್’ ಎಂಬ ಮೂರನೆಯದೂ ಸೇರಿಕೊಂಡಿದೆ. ದೇಹದ ಒಂದು ಭಾಗಕ್ಕೆ ನಾಚಿಕೆ ಎಂದೇ ಹೆಸರಿಟ್ಟ ನಾವು, ಅದರ ಬಗ್ಗೆ ತೊಂದರೆಯಾದಾಗ ನಾಚಿಕೆಪಡದೆ ಬಂದು ಹೇಳು ಎಂದು ಮಗುವಿಗೆ ಹೇಳುತ್ತೇವೆ. ಪಠ್ಯಪುಸ್ತಕದ ‘ಜನನಾಂಗ’ ಎಂಬ ಪದ ಅದರ ಬಾಯಿಗೆ ಎಂದೂ ಬಂದಿರುವುದಿಲ್ಲ. ಹಾಗಾಗಿ ಮಗು “ಹೊಟ್ಟೆ ನೋವು” ಎನ್ನುತ್ತದೆ, “ಉಚ್ಚೆ ಹೊಯ್ಯುವಾಗ ಉರಿ” ಎನ್ನುತ್ತದೆ. ಬಿಸಿಲಿಗೆ ಉಷ್ಣ ಆಗಿದೆ, ಎಳನೀರು ಕುಡಿಸಿ ಎಂದು ನಾವು ಹೇಳಿ ಕಳುಹಿಸುತ್ತೇವೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಗಂಟು ಇದೆ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಶಿಡ್ಲಘಟ್ಟದ ನೂಲು ತೆಗೆಯುವವರ ಕೇರಿಗಳಲ್ಲಿ ಉರ್ದು. ಕನ್ನಡ ಈ ಮಕ್ಕಳಿಗೆ ಶಾಲೆಯ ಭಾಷೆ, ಲೆಕ್ಕ ಮತ್ತು ಪದ್ಯದ ಭಾಷೆ. ನೋವನ್ನು, ಭಯವನ್ನು, ಅಸಹ್ಯವನ್ನು ಮಗು ಹೇಳುವುದು ತಾಯಿಯೊಡನೆ ಆಡುವ ಮಾತಿನಲ್ಲಿ. ಬೆಂಗಳೂರಿನಲ್ಲಿ ಅಚ್ಚಾದ ಒಂದೇ ಕರಪತ್ರವನ್ನು ರಾಜ್ಯಕ್ಕೆಲ್ಲ ಹಂಚಿದರೆ ಬಾಗೇಪಲ್ಲಿಯ ಒಂದನೇ ತರಗತಿಗೆ ಅದು ತಲುಪುವುದಿಲ್ಲ. ಮನೆಯ ಮಾತಿನಲ್ಲಿ ಈ ಭಾಗಗಳಿಗೆ ಬೈಗುಳವಲ್ಲದ ಯಾವ ಪದವನ್ನು ಬಳಸಬಹುದು ಎಂಬುದನ್ನು ಆಯಾ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಮತ್ತು ನಾಲ್ಕಾರು ತಾಯಂದಿರು ಒಂದು ಮಧ್ಯಾಹ್ನ ಕೂತು ಗೊತ್ತು ಮಾಡಿಕೊಳ್ಳಬಹುದು. ಖರ್ಚಿಲ್ಲದ ಕೆಲಸ ಇದು. ಮುಜುಗರವೊಂದನ್ನು ಮೊದಲ ಹತ್ತು ನಿಮಿಷ ದಾಟಬೇಕು.

‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಒಳ್ಳೆಯ ಉದ್ದೇಶದಿಂದಲೇ ಬಂದ ಮಾತು, ಆದರೂ ನನಗೆ ಇದರ ಬಗ್ಗೆ ಅಳುಕಿದೆ. ಮಕ್ಕಳಿಗೆ ಕೆಟ್ಟದ್ದು ಎಂದರೆ ನೋವಾಗುವುದು: ಏಟು, ಚಿವುಟು, ಸೂಜಿ ಮದ್ದು. ಹಾಗೆ ನೋಡಿದರೆ ವೈದ್ಯರ ಸೂಜಿ ಕೆಟ್ಟ ಸ್ಪರ್ಶವಾಗುತ್ತದೆ. ಚಾಕೊಲೇಟು ಕೊಟ್ಟು, ಮೊಬೈಲಿನಲ್ಲಿ ಗೇಮ್ ಆಡಲು ಬಿಟ್ಟು, ತೊಡೆಯ ಮೇಲೆ ಕೂರಿಸಿಕೊಂಡು ಮೆತ್ತಗೆ ಸವರುವವನದು ಒಳ್ಳೆಯ ಸ್ಪರ್ಶವಾಗುತ್ತದೆ. ಇಂಥವರು ಮೊದಲ ದಿನವೇ ಮಗುವಿಗೆ ನೋವು ಮಾಡುವುದಿಲ್ಲ. ತಿಂಗಳುಗಟ್ಟಲೆ ಸಲಿಗೆ ಬೆಳೆಸಿ, ಸಣ್ಣ ಸಣ್ಣ ಉಡುಗೊರೆ ಕೊಟ್ಟು, “ಇದು ನಮ್ಮಿಬ್ಬರ ಗುಟ್ಟು” ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ಅಲ್ಲದೆ ‘ಕೆಟ್ಟ’ ಎಂಬ ಪದ ಮಗುವಿನ ತಲೆಯಲ್ಲಿ ತಾನು ಕೆಟ್ಟವಳಾದೆ ಎಂದು ತಿರುಗಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಸುರಕ್ಷಿತ ಮತ್ತು ಅಸುರಕ್ಷಿತ ಸ್ಪರ್ಶ ಎನ್ನುವುದು ವಾಸಿ. ಅದಕ್ಕಿಂತ ಮುಖ್ಯವಾದದ್ದು ಗುಟ್ಟಿನ ಪಾಠ. ಚಡ್ಡಿ, ಪೆಟಿಕೋಟು ಮುಚ್ಚುವ ಜಾಗವನ್ನು ಸ್ವಚ್ಛ ಮಾಡಲು ಅಥವಾ ಚಿಕಿತ್ಸೆಗೆ ಬಿಟ್ಟರೆ ಬೇರೆ ಯಾರೂ ಮುಟ್ಟುವಂತಿಲ್ಲ, ನೋಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಮ್ಮದನ್ನು ಮುಟ್ಟು ಎನ್ನುವಂತಿಲ್ಲ. ಹಾಗೆ ಮಾಡಿ ಯಾರಿಗೂ ಹೇಳಬೇಡ ಎಂದರೆ ಆ ಮಾತನ್ನು ಉಳಿಸಿಕೊಳ್ಳಬೇಕಿಲ್ಲ ಎಂಬಷ್ಟು ಆರು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಎರಡು ದಿನದಲ್ಲಿ ತಾನೇ ಬಯಲಾಗುತ್ತದೆ, ಈ ಗುಟ್ಟು ಎಂದೆಂದಿಗೂ ಇರಲಿ ಎಂದು ಹೇಳಿರುತ್ತಾರೆ. ಈ ವ್ಯತ್ಯಾಸವನ್ನು ಎರಡನೇ ತರಗತಿಯವರು ನಾನು ಕೇಳುವ ಮೊದಲೇ ಹೇಳಿದ್ದನ್ನು ಕಂಡಿದ್ದೇನೆ.

ಅಪರಿಚಿತರ ಹತ್ತಿರ ಹೋಗಬೇಡ, ಅವರು ಕೊಟ್ಟದ್ದನ್ನು ತಿನ್ನಬೇಡ ಎಂದು ಹೇಳುವುದರಲ್ಲೇ ನಮ್ಮ ಅರ್ಧ ಪಾಠ ಮುಗಿದುಹೋಗುತ್ತದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಹಾಗೆ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು ಅಥವಾ ಮಗು ನಂಬಿದ್ದವರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳಲ್ಲಿ ವರ್ಷ ವರ್ಷವೂ ಕಾಣುವುದು ಇನ್ನೂ ಕಟುವಾದ ಚಿತ್ರ. ಪೋಕ್ಸೊ ಅಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಕಡೆ ಆರೋಪಿ ಪರಿಚಿತನೇ. ಮಿಠಾಯಿ ಹಿಡಿದು ಬರುವ ಗಡ್ಡದ ಅಪರಿಚಿತನ ಚಿತ್ರವನ್ನು ಗೋಡೆಗೆ ಬರೆಸುವ ನಾವು, ಪಕ್ಕದ ಮನೆಯ ಅಣ್ಣನನ್ನು, ಟ್ಯೂಷನ್ ಮೇಷ್ಟರನ್ನು, ಆಟೊ ಮಾಮನನ್ನು, ಸೋದರಮಾವನನ್ನು, ಕೆಲವೊಮ್ಮೆ ತಂದೆಯನ್ನೇ ಆ ಚಿತ್ರದಿಂದ ಹೊರಗೆ ಬಿಟ್ಟಿದ್ದೇವೆ.

ಹೊರಗೆ ಬಿಟ್ಟಿರುವುದು ಇನ್ನೂ ಒಂದು ಗುಂಪನ್ನು. ಅದೇ 2007ರ ಅಧ್ಯಯನದಲ್ಲಿ ದೌರ್ಜನ್ಯಕ್ಕೆ ಒಳಗಾದೆವು ಎಂದ ಮಕ್ಕಳಲ್ಲಿ ಗಂಡು ಮಕ್ಕಳ ಪಾಲು ಹೆಣ್ಣು ಮಕ್ಕಳದ್ದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಪೋಕ್ಸೊ ಕಾಯ್ದೆಯೂ ಹೆಣ್ಣು ಗಂಡು ಎಂಬ ಭೇದ ಮಾಡುವುದಿಲ್ಲ. ಹದಿನೆಂಟು ವರ್ಷದೊಳಗಿನ ಯಾರೇ ಆಗಲಿ, ಮಗು ಮಗುವೇ. ಆದರೂ ಇಂಥ ತರಗತಿ ನಡೆಯುವ ದಿನ ಹುಡುಗಿಯರನ್ನು ಒಳಗೆ ಕೂರಿಸಿ ಬಾಗಿಲು ಮುಂದೆ ಮಾಡಿ, ಹುಡುಗರ ಕೈಗೆ ಚೆಂಡು ಕೊಟ್ಟು ಮೈದಾನಕ್ಕೆ ಅಟ್ಟುವುದನ್ನು ನಾನು ಎಷ್ಟೋ ಶಾಲೆಗಳಲ್ಲಿ ನೋಡಿದ್ದೇನೆ. ನಾನೂ ಹಾಗೆ ಮಾಡಿದವಳೇ. ಆ ಹುಡುಗರು ಕಲಿಯುವುದು ಎರಡು: ಇದು ತಮಗೆ ಸಂಬಂಧವಿಲ್ಲ, ಮತ್ತು ತಮಗೇನಾದರೂ ಆದರೆ ಅದನ್ನು ಹೇಳುವುದು ಗಂಡಸ್ತನವಲ್ಲ.

ಮನೆಯವರ ಪಾಲೂ ಇದರಲ್ಲಿದೆ. ಊರಿಂದ ಬಂದ ನೆಂಟರ ಮುಂದೆ ಮಗುವನ್ನು ತಳ್ಳಿ, “ಮಾವನಿಗೆ ಒಂದು ಮುತ್ತು ಕೊಡು” ಎನ್ನುತ್ತೇವೆ. ಮಗು ಒಲ್ಲೆನೆಂದರೆ ಮರ್ಯಾದೆ ಕಲಿತಿಲ್ಲ ಎಂದು ಗದರುತ್ತೇವೆ. ಮನೆಯಲ್ಲಿ ‘ಬೇಡ’ ಎನ್ನುವ ಹಕ್ಕಿಲ್ಲದ ಮಗುವಿನಿಂದ ಹೊರಗೆ ಯಾರಿಗೋ ‘ಬೇಡ’ ಎನ್ನಿಸುವುದು ಶಾಲೆಯ ಒಂದು ಪಿರಿಯಡ್ಡಿನಿಂದ ಆಗುವ ಕೆಲಸವಲ್ಲ.

ಇದನ್ನೆಲ್ಲ ಕಲಿಸಿದರೆ ಫಲ ಉಂಟೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ ಅದು. ಅಮೆರಿಕ, ಕೆನಡಾ, ಚೀನಾ, ಜರ್ಮನಿ, ಟರ್ಕಿ ಮೊದಲಾದ ದೇಶಗಳ ಶಾಲೆಗಳಲ್ಲಿ ನಡೆದ 24 ಪ್ರಯೋಗಗಳನ್ನು, ಅಂದರೆ ಸುಮಾರು 5,800 ಮಕ್ಕಳ ಮೇಲಿನ ಫಲಿತಾಂಶಗಳನ್ನು, ಒಟ್ಟಿಗಿಟ್ಟು ಪರಿಶೀಲಿಸಿದ ಕೊಕ್ರೇನ್ ಸಂಸ್ಥೆಯ 2015ರ ವಿಮರ್ಶೆಯ ಪ್ರಕಾರ, ಪಾಠ ಕೇಳಿದ ಮಕ್ಕಳಲ್ಲಿ ತಿಳಿವಳಿಕೆಯೂ ತಮ್ಮನ್ನು ಕಾಪಾಡಿಕೊಳ್ಳುವ ನಡೆಯೂ ಹೆಚ್ಚಿದವು. ಆದದ್ದನ್ನು ಹೇಳಿಕೊಳ್ಳುವವರ ಸಂಖ್ಯೆಯೂ ಹೆಚ್ಚಿತು. ಮಕ್ಕಳಲ್ಲಿ ಆತಂಕ ಬೆಳೆದದ್ದು ಕಂಡುಬರಲಿಲ್ಲ. ದೌರ್ಜನ್ಯವೇ ಕಡಿಮೆಯಾಯಿತು ಎಂದು ಆ ವಿಮರ್ಶೆ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ದೌರ್ಜನ್ಯ ಮಾಡುವವನು ದೊಡ್ಡವನು. ಅದನ್ನು ನಿಲ್ಲಿಸುವ ಭಾರವನ್ನು ಏಳು ವರ್ಷದ ಮಗುವಿನ ಹೆಗಲಿಗೆ ಹೊರಿಸುವುದು ಅನ್ಯಾಯ. ಪಾಠದಿಂದ ಆಗುವುದು ಇಷ್ಟು: ಐದು ತಿಂಗಳು ನಡೆಯುವುದು ಐದನೇ ದಿನಕ್ಕೆ ಹೊರಗೆ ಬರಬಹುದು.

ಅಮೆರಿಕದಲ್ಲಿ ಎರಿನ್ ಮೆರಿನ್ ಎಂಬಾಕೆ ಬಾಲ್ಯದಲ್ಲಿ ತಾನು ಪಟ್ಟ ಪಾಡನ್ನು ಬಹಿರಂಗವಾಗಿ ಹೇಳಿಕೊಂಡು ಹೋರಾಡಿದ ಫಲವಾಗಿ, ಶಾಲೆಗಳಲ್ಲಿ ಈ ಪಾಠ ನಡೆಯಬೇಕೆಂಬ ಕಾನೂನು 2013ರಲ್ಲಿ ಇಲಿನಾಯ್ ರಾಜ್ಯದಲ್ಲಿ ಬಂತು. ಆಮೇಲೆ 30ಕ್ಕೂ ಹೆಚ್ಚು ರಾಜ್ಯಗಳು ಆಕೆಯ ಹೆಸರಿನ ಆ ಕಾನೂನನ್ನು ಒಪ್ಪಿಕೊಂಡಿವೆ. ಬೆಂಕಿ ಬಿದ್ದರೆ ಏನು ಮಾಡಬೇಕು, ಸುಂಟರಗಾಳಿ ಬೀಸಿದರೆ ಎಲ್ಲಿ ಅವಿತುಕೊಳ್ಳಬೇಕು ಎಂದು ಅಭ್ಯಾಸ ಮಾಡಿಸಿದ ಶಾಲೆ ಇದೊಂದನ್ನು ಹೇಳಿಕೊಡಲಿಲ್ಲ ಎಂಬುದು ಆಕೆಯ ದೂರು. ಅಷ್ಟು ದೂರ ಹೋಗುವುದೂ ಬೇಡ. ಕೇರಳ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ, ಅದೇ ಎರಿನ್ ಕಾನೂನನ್ನು ಉಲ್ಲೇಖಿಸಿ, ಲೈಂಗಿಕ ದೌರ್ಜನ್ಯ ತಡೆಯ ಕಾರ್ಯಕ್ರಮವನ್ನು ಪಠ್ಯಕ್ರಮದಲ್ಲಿ ಕಡ್ಡಾಯವಾಗಿ ಸೇರಿಸುವಂತೆ ಅಲ್ಲಿನ ಸರ್ಕಾರಕ್ಕೂ ಸಿಬಿಎಸ್‌ಇಗೂ ಸೂಚಿಸಿತು. ಪಕ್ಕದ ರಾಜ್ಯದ ಮಕ್ಕಳಿಗೆ ಬೇಕಾದದ್ದು ನಮ್ಮ ಮಕ್ಕಳಿಗೆ ಬೇಡವಾಗುವುದಕ್ಕೆ ಕಾರಣ ಕಾಣೆ.

ಕಾರಣವನ್ನು ಪೋಷಕರ ಸಭೆಗಳಲ್ಲಿ ಕೇಳಿದ್ದೇನೆ, ಇಲ್ಲವೆಂದಲ್ಲ. “ಇಷ್ಟು ಚಿಕ್ಕ ಮಕ್ಕಳಿಗೆ ಇಂಥದ್ದೆಲ್ಲ ಯಾಕೆ ಮಿಸ್, ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುತ್ತದೆ” ಎಂಬುದು ಅವರ ಮಾತು. ಹದಿಹರೆಯದವರಿಗೆ ಕೊಡುವ ಲೈಂಗಿಕ ಶಿಕ್ಷಣಕ್ಕೂ ಇದಕ್ಕೂ ಗಂಟು ಹಾಕಿ ಹುಟ್ಟಿದ ಭಯ ಇದು. 2007ರಲ್ಲಿ ಹಲವು ರಾಜ್ಯಗಳು ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆದದ್ದು ಇದೇ ಭಯದಿಂದ. ಒಂದನೇ ತರಗತಿಯ ಪಾಠದಲ್ಲಿ ಲೈಂಗಿಕತೆಯ ಮಾತೇ ಇರುವುದಿಲ್ಲ. ನಮ್ಮ ಬಯಲು ಸೀಮೆಯಲ್ಲಿ ಈಗ ಹೊಲಕ್ಕೊಂದು ಕೃಷಿ ಹೊಂಡ. ಒಳಗೆ ಹಾಸಿರುವ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ಜಾರಿದರೆ ಈಜು ಬಲ್ಲವರೂ ಮೇಲೆ ಹತ್ತುವುದು ಕಷ್ಟ. ಹೊಂಡದ ಹತ್ತಿರ ಒಬ್ಬನೇ ಹೋಗಬೇಡ, ಯಾರಾದರೂ ಜಾರಿದರೆ ಇಳಿಯಬೇಡ, ಓಡಿ ಹೋಗಿ ದೊಡ್ಡವರನ್ನು ಕರೆ ಎಂದು ನಾಲ್ಕು ವರ್ಷದ ಮಗುವಿಗೂ ಹೇಳುತ್ತೇವೆ. ಅದರಿಂದ ಮಕ್ಕಳು ನೀರನ್ನು ಕಂಡು ಹೆದರುವವರೇನೂ ಆಗಿಲ್ಲ. ಈ ಹೋಲಿಕೆಯನ್ನು ಹೇಳಿದ ಮೇಲೆ ಪೋಷಕರ ಸಭೆಯಲ್ಲಿ ನನಗೆ ಎದುರು ಮಾತು ಬಂದದ್ದು ಕಡಿಮೆ.

ಈಗ ಕೇಳಿಸಿಕೊಳ್ಳುವವರ ವಿಷಯ. ಮಗು ಹೇಳಿದ್ದನ್ನು ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು ಎಂದು ಕಾಯ್ದೆಯ ಸೆಕ್ಷನ್ 19 ಹೇಳುತ್ತದೆ. ತಿಳಿಸದಿದ್ದರೆ ಸೆಕ್ಷನ್ 21ರಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ತನ್ನ ಕೈಕೆಳಗಿನ ನೌಕರನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮಹಾರಾಷ್ಟ್ರದ ವಸತಿ ಶಾಲೆಯೊಂದರ ಪ್ರಕರಣದಲ್ಲಿ, ವಿಷಯ ಗೊತ್ತಿದ್ದೂ ತಿಳಿಸದ ಆರೋಪ ಹೊತ್ತ ವೈದ್ಯರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟ್ ಕೈಬಿಟ್ಟಿದ್ದಾಗ, ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿ, ಇದು ಗಂಭೀರ ಅಪರಾಧವೆಂದು ಹೇಳಿತು. ಇಷ್ಟನ್ನು ಕೇಳಿದ ಕೂಡಲೇ ಶಿಕ್ಷಕರು ಬೆದರುತ್ತಾರೆ. ಬೆದರಿದವರಿಗೆ ಅದೇ ಸೆಕ್ಷನ್ 19ರ ಕೊನೆಯ ಸಾಲನ್ನು ಯಾರೂ ಓದಿ ಹೇಳುವುದಿಲ್ಲ: ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ. ಶಿಕ್ಷಕಿ ಸಾಬೀತು ಮಾಡಬೇಕಿಲ್ಲ. ಸಾಕ್ಷ್ಯ ಹುಡುಕುವುದು ಅವಳ ಕೆಲಸವೇ ಅಲ್ಲ.

ಅವಳ ಕೆಲಸ ಏನೆಂದರೆ, ಮಗು ಹೇಳುತ್ತಿರುವಾಗ ಮುಖ ಕೆಡಿಸಿಕೊಳ್ಳದೆ ಕೇಳುವುದು. “ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ” ಎನ್ನುವುದು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡದಿರುವುದು. ಮಗು ಬಳಸಿದ ಪದಗಳನ್ನೇ, ತೆಲುಗಾದರೆ ತೆಲುಗಿನಲ್ಲೇ, ತಾರೀಕು ಹಾಕಿ ಬರೆದಿಡುವುದು. ನಮ್ಮಲ್ಲಿ ಆಗುವುದು ಬೇರೆ. ತರಗತಿ ಶಿಕ್ಷಕಿ ಮುಖ್ಯ ಶಿಕ್ಷಕರ ಕೊಠಡಿಗೆ ಕರೆದೊಯ್ಯುತ್ತಾರೆ, ಅವರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನು ಕರೆಸುತ್ತಾರೆ, ಆಮೇಲೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ, ಆಮೇಲೆ ಊರಿನ ಇಬ್ಬರು ಹಿರಿಯರು. ಪ್ರತಿಯೊಬ್ಬರೂ “ಏನಾಯ್ತಮ್ಮ, ಹೆದರ್ಕೋಬೇಡ, ಇನ್ನೊಂದ್ಸಲ ಹೇಳು” ಎನ್ನುತ್ತಾರೆ. ಐದನೆಯ ಸಲಕ್ಕೆ ಮಗು “ಏನೂ ಆಗಿಲ್ಲ” ಎಂದುಬಿಡುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್, ಸಮವಸ್ತ್ರ ಧರಿಸದೆ ಪಡೆಯಬೇಕೆಂದು ಸೆಕ್ಷನ್ 24 ಇಷ್ಟು ನಾಜೂಕಾಗಿ ಹೇಳುತ್ತಿರುವಾಗ, ಪೊಲೀಸರು ಬರುವ ಮೊದಲೇ ನಾವು ಮಗುವನ್ನು ಹಣ್ಣು ಮಾಡಿಟ್ಟಿರುತ್ತೇವೆ.

ಹಿರಿಯರು ಬಂದ ಮೇಲೆ ರಾಜಿಯ ಮಾತು ಬರುತ್ತದೆ. ಹುಡುಗಿಯ ಮುಂದಿನ ಜೀವನ, ಮನೆತನದ ಮರ್ಯಾದೆ, ಊರಿನ ಹೆಸರು. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಪ್ರಕರಣವನ್ನು ಮಗುವಿನ ತಂದೆಯೊಡನೆ ಆದ ರಾಜಿಯ ಆಧಾರದ ಮೇಲೆ ಅಲ್ಲಿನ ಹೈಕೋರ್ಟ್ ರದ್ದು ಮಾಡಿದ್ದಾಗ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ ಪ್ರಕರಣವನ್ನು ಮತ್ತೆ ಜೀವಂತಗೊಳಿಸಿತು. ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ವ್ಯಾಜ್ಯವಲ್ಲ, ಅರಳೀಕಟ್ಟೆಯ ಮೇಲೆ ಬಗೆಹರಿಯುವಂಥದ್ದೂ ಅಲ್ಲ. ಎಸ್‌ಡಿಎಂಸಿ ಸದಸ್ಯರ ತರಬೇತಿಯಲ್ಲಿ ಕಟ್ಟಡದ ಅನುದಾನದ ಬಗ್ಗೆ ಹೇಳುವಷ್ಟೇ ಸಮಯವನ್ನು ಇದಕ್ಕೂ ಕೊಡಬೇಕು.

ಪುರುಷ ಸಹೋದ್ಯೋಗಿಗಳ ಒಂದು ಅಂಜಿಕೆಯನ್ನೂ ಹೇಳದೆ ಹೋದರೆ ಪತ್ರ ಪ್ರಾಮಾಣಿಕವಾಗುವುದಿಲ್ಲ. “ಬಿದ್ದು ಅಳುವ ಮಗುವನ್ನು ಎತ್ತುವುದಕ್ಕೂ ಈಗ ಭಯ, ಮೇಡಂ” ಎಂದು ಒಬ್ಬರು ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ಮಗುವಿನ ಹೆಸರಲ್ಲಿ ದ್ವೇಷಕ್ಕೆ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಶಿಕ್ಷೆ ವಿಧಿಸುವ ಸೆಕ್ಷನ್ 22 ಕಾಯ್ದೆಯಲ್ಲೇ ಇದೆ. ಅದಕ್ಕಿಂತಲೂ, ಪಾಠ ಸರಿಯಾಗಿ ನಡೆದ ಶಾಲೆಯಲ್ಲಿ ಮಕ್ಕಳಿಗೆ ವ್ಯತ್ಯಾಸ ತಿಳಿದಿರುತ್ತದೆ; ಎಲ್ಲರ ಎದುರು ಮೊಣಕಾಲಿಗೆ ಟಿಂಚರ್ ಹಚ್ಚಿದ ಮೇಷ್ಟರ ಬಗ್ಗೆ ಯಾವ ಮಗುವಿಗೂ ಗೊಂದಲವಾಗುವುದಿಲ್ಲ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಬರುವ ಜೂನ್‌ನಿಂದ ಒಂದನೇ ತರಗತಿಯಿಂದಲೇ ಹದಿನೈದು ದಿನಕ್ಕೊಂದು ಪಿರಿಯಡ್ ಇದಕ್ಕೆ ಮೀಸಲಾಗಲಿ, ಅದನ್ನು ಹೊರಗಿನ ಭಾಷಣಕಾರರಲ್ಲ, ಮಕ್ಕಳು ದಿನಾ ನೋಡುವ ತರಗತಿ ಶಿಕ್ಷಕರೇ ತೆಗೆದುಕೊಳ್ಳಲಿ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಲ್ಲಿ ಕಲಿಕಾ ಏಣಿಯೂ ಕಾರ್ಡುಗಳೂ ಇರುವುದರಿಂದ, ಗುಟ್ಟಿನ ಪಾಠಕ್ಕೂ ದೇಹದ ಹೆಸರುಗಳಿಗೂ ನಾಲ್ಕೈದು ಕಾರ್ಡು ಸೇರಿಸಿದರೆ ಅದು ಕಲಿಕೆಯೊಳಗೇ ಬೆರೆತುಹೋಗುತ್ತದೆ. ಒಮ್ಮೆ ಹೇಳಿದ್ದನ್ನು ಮಕ್ಕಳು ಮರೆಯುತ್ತಾರೆ, ಮಗ್ಗಿಯ ಹಾಗೆ ಇದನ್ನೂ ವರ್ಷವರ್ಷ ತಿರುವಬೇಕು. ಪಾಠ ಶುರುವಾಗುವ ಮೊದಲು, ಮೊದಲು ಎಂಬುದನ್ನು ಒತ್ತಿ ಹೇಳುತ್ತೇನೆ, ಶಾಲೆಯ ಎಲ್ಲ ದೊಡ್ಡವರಿಗೂ ತರಬೇತಿ ಆಗಿರಬೇಕು. ಮುಖ್ಯ ಶಿಕ್ಷಕರಿಂದ ಹಿಡಿದು ಬಿಸಿಯೂಟದ ಅಡುಗೆಯವರು, ಖಾಸಗಿ ಶಾಲೆಯಾದರೆ ಆಯಾಗಳು, ವ್ಯಾನ್ ಚಾಲಕರವರೆಗೆ. ಮಗು ನಂಬಿ ಹೇಳಬಹುದಾದ ಇಬ್ಬರು ದೊಡ್ಡವರನ್ನು ಶಾಲೆ ನೇಮಿಸುವುದು ಬೇಡ, ಪ್ರತಿ ಮಗುವೂ ತಾನೇ ಆರಿಸಿಕೊಳ್ಳಲಿ. ಒಬ್ಬರು ಮನೆಯವರು, ಇನ್ನೊಬ್ಬರು ಮನೆಯ ಹೊರಗಿನವರು. ಮೊದಲನೆಯವರು ನಂಬದಿದ್ದರೆ ಎರಡನೆಯವರಿಗೆ, ಅವರೂ ನಂಬದಿದ್ದರೆ ಮತ್ತೊಬ್ಬರಿಗೆ, ಯಾರಾದರೂ ನಂಬುವವರೆಗೂ ಹೇಳುತ್ತಲೇ ಇರಬೇಕು ಎಂಬುದೂ ಪಾಠದ ಒಂದು ಭಾಗ.

ಮಕ್ಕಳ ಸಹಾಯವಾಣಿಯ ಬಗ್ಗೆ ಒಂದು ಮಾತು. 1098 ಎಂಬ ಸಂಖ್ಯೆಯನ್ನು ನಮ್ಮ ಶಾಲೆಗಳ ಗೋಡೆಗಳ ಮೇಲೆಲ್ಲ ಬರೆಸಲಾಗಿದೆ. ಮಕ್ಕಳನ್ನು ಓದಿಸಿ ನೋಡಿದರೆ “ಒಂದು ಸಾವಿರದ ತೊಂಬತ್ತೆಂಟು” ಎನ್ನುತ್ತಾರೆ. ಸಾವಿರದವರೆಗೆ ಎಣಿಕೆ ಬಾರದ ಒಂದನೇ ತರಗತಿಯವರಿಗೆ ಅದು ಬರೀ ಬಣ್ಣ. ಹತ್ತು, ಒಂಬತ್ತು, ಎಂಟು ಎಂದು ಇಳಿಕೆ ಕ್ರಮದಲ್ಲಿ ಹೇಳಿಕೊಟ್ಟರೆ ಎರಡು ದಿನದಲ್ಲಿ ಬಾಯಿಪಾಠವಾಗುತ್ತದೆ, ಜೊತೆಗೆ ಇಳಿಕೆ ಎಣಿಕೆಯ ಪಾಠವೂ ಆಗುತ್ತದೆ.

ಈ ಪತ್ರದ ಕೆಳಗೆ ನನ್ನ ಹೆಸರನ್ನಾಗಲಿ, ನಾನು ಕೆಲಸ ಮಾಡಿದ ಶಾಲೆಯ ಹೆಸರನ್ನಾಗಲಿ ಅಚ್ಚು ಹಾಕಬಾರದೆಂದು ಕೋರುತ್ತೇನೆ. ನನಗೇನೂ ಅಂಜಿಕೆಯಿಲ್ಲ. 2009ರಲ್ಲಿ ಮೂರನೇ ತರಗತಿಯಲ್ಲಿದ್ದ ಆ ಹುಡುಗಿ ಈಗ ಎಲ್ಲೋ ತನ್ನ ಬದುಕು ಕಟ್ಟಿಕೊಂಡಿರುತ್ತಾಳೆ. ನನ್ನ ಹೆಸರಿನ ಜಾಡು ಹಿಡಿದರೆ ಊರಿನವರಿಗೆ ಅವಳ ಹೆಸರು ಹೊಳೆಯುವುದು ಕಷ್ಟವಲ್ಲ. ಮಗುವಿನ ಶಾಲೆ, ನೆರೆಹೊರೆಯ ಗುರುತೂ ಪತ್ರಿಕೆಗಳಲ್ಲಿ ಸಿಗಬಾರದು ಎಂದು ಕಾಯ್ದೆಯ ಸೆಕ್ಷನ್ 23 ಹೇಳುವುದು ತಮಗೆ ತಿಳಿದೇ ಇದೆ.

ಅಂದಿನ ಕಾರ್ಯಕ್ರಮ ಮುಗಿದ ಮೇಲೆ, ಚಿಕನ್‌ಪಾಕ್ಸಿನ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಕೂಲಿನಲ್ಲಿ ನಿನಗೆ ಏನಾದರೂ ತೊಂದರೆಯಾದರೆ, ಯಾರಾದರೂ ಹೇಳಬಾರದ ಗುಟ್ಟು ಹೇಳಿದರೆ, ನೀನು ಯಾರ ಹತ್ತಿರ ಹೋಗಿ ಹೇಳುತ್ತೀಯ ಎಂದು ಕೇಳಿದೆ. ಮುಖ್ಯ ಶಿಕ್ಷಕರ ಕಡೆ ನೋಡಿದ, ತನ್ನ ಮಿಸ್ ಕಡೆ ನೋಡಿದ, ಬಿಸ್ಕತ್ತಿನ ಅಂಚನ್ನು ಕಚ್ಚುತ್ತ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ, “ಅಡುಗೆ ಅಮ್ಮಂಗೆ” ಎಂದ. ಆಕೆಯನ್ನು ಕಾರ್ಯಕ್ರಮಕ್ಕೆ ಯಾರೂ ಕರೆದಿರಲಿಲ್ಲ. ಎರಡು ಗಂಟೆಯೂ ಆಕೆ ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದರು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ